ಬೆಕ್ಕಿಗೂ ಬೇರೆ ತಟ್ಟೆ

ನಾಲ್ಕನೇ ವಾರ್ಡು, ಕಿಟಕಿ ಪಕ್ಕದ ಮಂಚ
ಅಕ್ಟೋಬರ್ ೧೪, ಬುಧವಾರ

ನನ್ನ ಚುಕ್ಕಿಗೆ ಅಮ್ಮನ ಮುತ್ತುಗಳು.

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ. ಮೊದಲು ಎಲ್ಲಾದರೂ ಕುಳಿತುಕೋ, ಇದು ನಿಂತು ಓದುವ ಪತ್ರವಲ್ಲ. ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಒಂದು ಬಟ್ಟಲು ಗಂಜಿ, ಅರ್ಧ ಬಾಳೆಹಣ್ಣು ತಿಂದು, ಬಿಸಿಲಿಗೆ ಬೆನ್ನು ಕೊಟ್ಟು ಬರೆಯಲು ಕುಳಿತಿದ್ದೇನೆ. ಅಕ್ಷರ ಕೋಳಿ ಕೆದರಿದ ಹಾಗಿದೆ ಎಂದು ಲಕೋಟೆ ನೋಡಿದಾಗಲೇ ನಿನಗೆ ಅನ್ನಿಸಿರಬೇಕು. ಮೂವತ್ತನಾಲ್ಕು ವರ್ಷ ಮೋಜಣಿ ಕಚೇರಿಯಲ್ಲಿ ನಕ್ಷೆ ಬರೆದವಳ ಬರಹವೇ ಇದು ಎಂದು ನಗಬೇಡ. ಇದು ಎಡಗೈ ಅಕ್ಷರ.

ಸುತ್ತಿಬಳಸಿ ಹೇಳಲು ನನಗೆ ಬರುವುದಿಲ್ಲ, ನಿನಗೆ ಗೊತ್ತು. ಆಗಸ್ಟ್ ಕೊನೆಯ ವಾರ ನನಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಹನ್ನೊಂದರ ಹೊತ್ತು, ಕಚೇರಿಯಲ್ಲಿ ನನ್ನ ಮೇಜಿನ ಮುಂದೆಯೇ ಇದ್ದೆ. ಒಂದು ಹಳ್ಳದ ತಿರುವನ್ನು ತಿದ್ದುತ್ತಿದ್ದೆ, ಗೆರೆ ತಾನಾಗಿ ಎಲ್ಲಿಗೋ ಹೊರಟುಹೋಯಿತು. ಗೆರೆಗೆ ಏನಾಯಿತು ಎಂದು ನೋಡುತ್ತಿದ್ದೆನೇ ಹೊರತು ಕೈಗೆ ಏನಾಯಿತು ಎಂದು ಹೊಳೆಯಲಿಲ್ಲ. ಎದುರು ಮೇಜಿನ ಗುಮಾಸ್ತೆ ಓಡಿ ಬಂದಳು. ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಸೇರಿದ್ದರಿಂದ ಜೀವಕ್ಕೆ ಏನೂ ಆಗಲಿಲ್ಲ. ಬಲಗೈ, ಬಲಗಾಲು, ಬಾಯಿಯ ಬಲಭಾಗ ಮಾತ್ರ ಮುಷ್ಕರ ಹೂಡಿದವು.

ಭಾನುವಾರ ಫೋನಿನಲ್ಲಿ ನನ್ನ ಮಾತು ತೊದಲಿದಾಗ ನಾಲ್ಕು ಹಲ್ಲು ಕೀಳಿಸಿದ್ದೇನೆ ಎಂದಿದ್ದೆನಲ್ಲ, ಅದು ಸುಳ್ಳು. ನೀನು ಪಾಪ, ಲವಂಗದೆಣ್ಣೆ ಹಚ್ಚು, ಬಿಸಿ ಕುಡಿಯಬೇಡ ಎಂದು ಅಷ್ಟೆಲ್ಲ ಹೇಳಿದೆ. ನನ್ನ ಹಲ್ಲುಗಳೆಲ್ಲ ಇದ್ದಲ್ಲೇ ಇವೆ. ನಿನಗೆ ಹೇಳಕೂಡದು, ನೀನು ಫೋನ್ ಮಾಡಿದರೆ ಮೋಜಣಿಗೆ ಹಳ್ಳಿಗಳಿಗೆ ಹೋಗಿದ್ದಾಳೆ ಎನ್ನಬೇಕು ಎಂದು ಗುಮಾಸ್ತೆಯಿಂದ ಆಣೆ ಹಾಕಿಸಿಕೊಂಡಿದ್ದೆ, ಅವಳನ್ನು ಬೈಯಬೇಡ. ಯಾಕೆ ಮುಚ್ಚಿಟ್ಟೆ ಎಂದು ಕೇಳುತ್ತೀಯ. ಎರಡು ಕಾರಣ. ಬಾಯಿ ಒಂದು ಕಡೆ ಜೋತುಬಿದ್ದು, ಜೊಲ್ಲು ಸುರಿಸುತ್ತ ಮಲಗಿದವಳನ್ನು ನೀನು ನೋಡಬಾರದಿತ್ತು. ಎರಡನೆಯದನ್ನು ಮುಂದೆ ಹೇಳುತ್ತೇನೆ. ಅದನ್ನು ಹೇಳುವುದಕ್ಕೇ ಈ ಪತ್ರ.

ಲಕ್ವ ಅಂದರೆ ಕೈಕಾಲು ಬೀಳುವುದು ಎಂದಷ್ಟೇ ನಾನು ತಿಳಿದಿದ್ದೆ. ನುಂಗುವುದು ಮರೆತುಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಮೂರನೇ ದಿನ ಒಂದು ಚಮಚ ನೀರು ಕೊಟ್ಟರು, ಅದು ಹೊಟ್ಟೆಯ ದಾರಿ ಬಿಟ್ಟು ಶ್ವಾಸದ ದಾರಿ ಹಿಡಿಯಿತು. ಕೆಮ್ಮಿ ಕೆಮ್ಮಿ ಕಣ್ಣು ಮೇಲೆ ಹೋಯಿತು. ಇಲ್ಲಿ ಅದಕ್ಕೆಂದೇ ಒಬ್ಬಳು ಹುಡುಗಿ ಇದ್ದಾಳೆ, ಹೆಚ್ಚೆಂದರೆ ನಿನ್ನ ವಯಸ್ಸು. ನುಂಗುವುದನ್ನು ಕಲಿಸುವುದೇ ಅವಳ ಕೆಲಸ, ವಾರ್ಡಿನಲ್ಲಿ ಎಲ್ಲರೂ ಅವಳನ್ನು ನುಂಗೋ ಟೀಚರ್ ಅನ್ನುತ್ತೇವೆ. ಗಲ್ಲವನ್ನು ಎದೆಗೆ ತಾಗಿಸು, ಒಮ್ಮೆ ನುಂಗು, ಏನೂ ಇಲ್ಲದಿದ್ದರೂ ಇನ್ನೊಮ್ಮೆ ನುಂಗು, ಕೆನ್ನೆಯಲ್ಲಿ ಏನಾದರೂ ಉಳಿದಿದೆಯಾ ನಾಲಗೆಯಿಂದ ಹುಡುಕು. ಐವತ್ತೆಂಟನೇ ವಯಸ್ಸಿನಲ್ಲಿ ನನಗೆ ಈ ಪಾಠ!

ಅವಳು ಮೊದಲ ದಿನ ಬಂದು ಕೇಳಿದ ಪ್ರಶ್ನೆ ವಿಚಿತ್ರವಾಗಿತ್ತು.

"ಮನೇಲಿ ಹೇಗೆ ಊಟ ಮಾಡ್ತೀರಾ? ಏನು ತಿಂತೀರಾ ಅಂತಲ್ಲ, ಹೇಗೆ ಅಂತ ಹೇಳಿ."

ಆಗ ಮಾತು ಹೊರಡುತ್ತಿರಲಿಲ್ಲ, ಬರೆದು ತೋರಿಸಲೆಂದು ಕೊಟ್ಟಿದ್ದ ಹಲಗೆಯ ಮೇಲೆ ಎಡಗೈಯಲ್ಲಿ ಎರಡೇ ಪದ ಗೀಚಿ ತೋರಿಸಿದೆ. ಬೇರೆ ಬೇರೆ. ಅವಳಿಗೆ ಅರ್ಥವಾಗಲಿಲ್ಲ. ನಿನಗಾದರೆ ಆಗುತ್ತದೆ. ನಮ್ಮ ಮನೆಯಲ್ಲಿ ನಿನ್ನ ತಟ್ಟೆ ನಿನಗೆ, ನನ್ನ ತಟ್ಟೆ ನನಗೆ, ತಟ್ಟೆಯೊಳಗೂ ಪಲ್ಯಕ್ಕೆ ಅನ್ನ ತಾಗಬಾರದು. ಲೋಟಕ್ಕೆ ತುಟಿ ಹಚ್ಚಬಾರದು. ಬಡಿಸುವ ಸೌಟು ತಟ್ಟೆಗೆ ತಗುಲಿದರೆ ಆ ಸೌಟು ನೇರ ತೊಳೆಯುವ ತೊಟ್ಟಿಗೆ. ನನ್ನ ಅಮ್ಮ ನನ್ನನ್ನು ಹಾಗೆ ಬೆಳೆಸಿದಳು, ನಾನು ನಿನ್ನನ್ನು ಹಾಗೆ ಬೆಳೆಸಿದೆ. ಎಂಜಲು ಎನ್ನುವ ಮಾತು ನಮ್ಮಲ್ಲಿ ಬೈಗುಳಕ್ಕಿಂತ ಕೆಟ್ಟದ್ದು. ಅಂಥವಳ ಬಾಯಿಗೆ ಹಾಕಿದ ತುತ್ತು ಗಲ್ಲದ ಮೇಲೆ ಇಳಿದು ಬರುತ್ತಿತ್ತು. ನನ್ನ ಎಂಜಲನ್ನು ನಾನೇ ಎಡಗೈಯಲ್ಲಿ ಒರೆಸಿಕೊಳ್ಳಬೇಕು. ಊಟದ ಗಾಡಿ ಬರುವ ಸದ್ದು ಕೇಳಿದರೆ ಸಾಕು, ಸಿಸ್ಟರನ್ನು ಕರೆದು ಮಂಚದ ಸುತ್ತ ಪರದೆ ಎಳೆಸುತ್ತಿದ್ದೆ. ಪರದೆಯ ಹಿಂದೆ ಮೂರು ಚಮಚ ತಿಂದು, ಸಾಕು ಎಂದು ಕೈಯಾಡಿಸುತ್ತಿದ್ದೆ.

ಪರದೆ ಇದ್ದರೂ ಕಿವಿಗೆ ಬಾಗಿಲಿಲ್ಲವಲ್ಲ. ಬೇರೆಯವರ ಊಟ ಕೇಳಿಸುತ್ತಿತ್ತು. ಆರು ಮಂಚದ ವಾರ್ಡು ಇದು, ಆರು ಥರದ ಮನೆಗಳಿಂದ ಬಂದವರು. ಚುಕ್ಕಿ, ಮನುಷ್ಯರು ಇಷ್ಟೊಂದು ಬಗೆಯಲ್ಲಿ ಉಣ್ಣುತ್ತಾರೆ ಎಂದು ನಕ್ಷೆಗಳ ಮೇಲೆ ಬಗ್ಗಿ ಕುಳಿತವಳಿಗೆ ಎಲ್ಲಿ ಗೊತ್ತಾಗಬೇಕು.

ಬಾಗಿಲ ಹತ್ತಿರದ ಮಂಚ ಜೇನು ಸಾಕುವ ಹೆಂಗಸಿನದು. ನಾವು ಅವಳನ್ನು ಜೇನಮ್ಮ ಅನ್ನುತ್ತೇವೆ. ಬಿದ್ದು ತಲೆಗೆ ಪೆಟ್ಟಾಗಿದೆ, ಮಿಕ್ಕಂತೆ ಗಟ್ಟಿಮುಟ್ಟು. ಅವಳ ಕಾಗದದಲ್ಲಿ ಸಿಸ್ಟರು ದಿನಾ ಬರೆಯುತ್ತಿದ್ದರಂತೆ, "ಊಟ ಪೂರ್ತಿ ಮಾಡುವುದಿಲ್ಲ" ಎಂದು. ಡಾಕ್ಟರು ಹಸಿವಾಗಲಿ ಎಂದು ಟಾನಿಕ್ ಬರೆದರು. ಹನ್ನೆರಡು ದಿನ ಟಾನಿಕ್ ಕುಡಿದಳು, ಆದರೂ ತಟ್ಟೆಯಲ್ಲಿ ಅಷ್ಟು ಉಳಿಯುತ್ತಲೇ ಇತ್ತು. ಬಡಿಸುವುದನ್ನು ಕಡಿಮೆ ಮಾಡಿ ನೋಡಿದರು, ಅದರಲ್ಲೂ ಅಷ್ಟೇ ಉಳಿಯಿತು. ಕೊನೆಗೆ ನಮ್ಮ ಟೀಚರ್ ಹೋಗಿ ಅದೇ ಪ್ರಶ್ನೆ ಕೇಳಿದಳು. ಜೇನಮ್ಮ ದನಿ ಏರಿಸಿ, "ಅಯ್ಯೋ, ತಟ್ಟೆ ಬರಿದು ಮಾಡೋಕಾಗುತ್ತಾ? ಬಡಿಸಿದವರು ಸಾಲದಷ್ಟು ಹಾಕಿದ್ರು ಅಂತ ಆಗೋದಿಲ್ವಾ? ಪಾಪ ಆ ಗಾಡಿ ತಳ್ಳೋಳ ಮರ್ಯಾದೆ ಏನಾಗ್ಬೇಕು!" ಅಂದಳು. ಅವರ ಕಡೆ ಕೊನೆಯ ತುತ್ತು ಬಿಡುವುದು ಮರ್ಯಾದೆ. ನಮ್ಮಲ್ಲಿ ಒಂದು ಅಗುಳು ಬಿಟ್ಟರೆ ನಿನ್ನ ಅಜ್ಜಿ ತಲೆಗೆ ಮೊಟಕುತ್ತಿದ್ದಳು. ಪರದೆಯ ಹಿಂದೆ ಕುಳಿತು ಇದನ್ನು ಕೇಳಿ, ಬಾಯಿ ಸೊಟ್ಟಗಾದ ಮೇಲೆ ಮೊದಲ ಸಲ ನಕ್ಕೆ. ಟಾನಿಕ್ ಬಾಟಲಿಯಲ್ಲೂ ಒಂದು ಚಮಚ ಉಳಿಸಿದ್ದಳಂತೆ.

ಅವಳ ಪಕ್ಕದಲ್ಲಿ ಟಿಕೆಟ್ ಅಕ್ಕ. ರೈಲಿನಲ್ಲಿ ಟಿಕೆಟ್ ನೋಡುವ ಕೆಲಸದಲ್ಲಿದ್ದವಳು. ಅವರ ಮನೆಯಲ್ಲಿ ಎರಡು ಸಣ್ಣ ಕಡ್ಡಿಗಳಲ್ಲಿ ಹಿಡಿದು ತಿನ್ನುತ್ತಾರೆ. ನನ್ನ ಹಾಗೆ ಅವಳಿಗೂ ಕೈ ಬಿದ್ದಿದೆ. ಬೆರಳಿನ ವ್ಯಾಯಾಮಕ್ಕೆಂದು ಕೊಟ್ಟ ರಬ್ಬರ್ ಚೆಂಡನ್ನು ಮೂಲೆಗೆಸೆದು, ಕಡ್ಡಿಯಲ್ಲಿ ಬೇಯಿಸಿದ ಬಟಾಣಿ ಹಿಡಿಯುತ್ತ ಕೂರುತ್ತಾಳೆ. ಬಟಾಣಿ ಹಾರಿ ಹಾರಿ ಎಲ್ಲರ ಮಂಚದಲ್ಲೂ ಸಿಗುತ್ತದೆ. ಸಾರನ್ನು ಸುರ್ರ್ ಎಂದು ವಾರ್ಡೆಲ್ಲ ಕೇಳುವ ಹಾಗೆ ಹೀರುತ್ತಾಳೆ, ಹಾಗೆ ಹೀರುವುದು ಅವರಲ್ಲಿ ಅಡುಗೆಯವರಿಗೆ ಕೊಡುವ ಶಹಬ್ಬಾಸ್. ಅವಳ ಎದುರು ಮಂಚವೋ ಚಾವಿ ಅಮ್ಮನದು, ಬೀಗದ ಅಂಗಡಿಯವಳು. ಅವರ ಮನೆಯಲ್ಲಿ ಮೊದಲ ತುತ್ತಿನಿಂದ ಕೈ ತೊಳೆಯುವವರೆಗೆ ಯಾರೂ ತುಟಿ ಬಿಚ್ಚುವುದಿಲ್ಲ. ಒಬ್ಬಳು ಸುರ್ರೆನ್ನುತ್ತಾಳೆ, ಇನ್ನೊಬ್ಬಳು ಮಾತಾಡುವಂತಿಲ್ಲದ್ದರಿಂದ ಕಣ್ಣಲ್ಲೇ ಸುಡುತ್ತಾಳೆ. ಕೈ ತೊಳೆದ ಮೇಲೆ ಶುರು, "ಏನ್ರೀ ಅದು, ಪಂಪ್‌ಸೆಟ್ ಥರ!"

ಇವರೆಲ್ಲ ನನ್ನ ಪಾಲಿಗೆ ರೇಡಿಯೋ ಇದ್ದ ಹಾಗಿದ್ದರು, ಕೇಳುವುದಷ್ಟೇ. ನನ್ನ ಪರದೆ ಸರಿಸಿದವಳು ಬೇರೆ.

ನಾನು ಬಂದ ಮೂರನೇ ವಾರ ಪಕ್ಕದ ಮಂಚಕ್ಕೆ ಒಬ್ಬಳು ಮುದುಕಿ ಬಂದಳು. ಎಪ್ಪತ್ತೈದು ದಾಟಿದೆ, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ. ಜೀವನವಿಡೀ ಕಂಬಳಿ ನೇಯ್ದ ಕೈಗಳು. ಬೆರಳ ತುದಿಗಳು ಚಪ್ಪಟೆಯಾಗಿ, ಉಗುರುಗಳಲ್ಲಿ ಬಣ್ಣ ನಿಂತುಹೋಗಿದೆ. ಕಂಬಳಿ ಅಜ್ಜಿ ಎಂದೇ ಎಲ್ಲರೂ ಕರೆದರು. ಬಂದ ದಿನದಿಂದ ಅವಳೂ ಊಟ ಮುಟ್ಟಲಿಲ್ಲ. ಅವಳ ಗಂಟಲಿಗೆ ಏನೂ ಆಗಿರಲಿಲ್ಲ, ಹಲ್ಲು ನಿನ್ನ ಹಲ್ಲಿಗಿಂತ ಗಟ್ಟಿ. ಗುಳಿ ಗುಳಿ ಇರುವ ಸ್ಟೀಲ್ ತಟ್ಟೆಯನ್ನು ಮುಂದಿಟ್ಟರೆ ನೋಡುತ್ತ ಕೂರುವಳಂತೆ. ಗಾಡಿ ತಳ್ಳುವವಳು ಬಂದು ತೆಗೆದುಕೊಂಡು ಹೋಗುವಳು. ಟೀಚರ್ ಕೇಳಿದ್ದಕ್ಕೆ ಅವಳು ಹೇಳಿದ್ದು ನನ್ನ ಪರದೆಯೊಳಗೆ ಕೇಳಿಸಿತು.

"ಒಬ್ಬಳೇ ಹೇಗೆ ತಿನ್ನಲಿ ಮಗಾ? ಹುಟ್ಟಿದಾಗಿಂದ ಒಬ್ಬಳೇ ಕೂತು ತಿಂದಿದ್ದೇ ಇಲ್ಲ. ಒಬ್ಬಳೇ ತಿನ್ನೋದು ಅಂದ್ರೆ ಕದ್ದು ತಿಂದ ಹಾಗೆ ಅನ್ನಿಸ್ತದೆ."

ಅವಳ ಮನೆಯಲ್ಲಿ ಹನ್ನೊಂದು ಜನ, ಒಂದೇ ದೊಡ್ಡ ತಟ್ಟೆಯ ಸುತ್ತ. ಮನೆಯವರು ಬರುವುದು ವಾರಕ್ಕೊಮ್ಮೆ, ಅಷ್ಟು ದೂರ.

ಅದೇ ದಿನ ಮಧ್ಯಾಹ್ನ ಟೀಚರ್ ನನ್ನ ಪರದೆಯೊಳಗೂ ಬಂದಳು. ತೂಕದ ಕಾಗದ ತೋರಿಸಿದಳು. ಆರು ಕಿಲೋ ಇಳಿದಿದ್ದೆ. ಇನ್ನೊಂದು ವಾರ ಹೀಗೇ ಆದರೆ ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಬೇಕಾಗುತ್ತದೆ ಎಂದಳು. "ನಿಮಗೆ ನುಂಗೋಕೆ ಬರುತ್ತೆ, ನಾನು ನೋಡಿದ್ದೀನಿ. ನೀವು ತಿಂತಾ ಇಲ್ಲ ಅಷ್ಟೇ," ಎಂದು ಸ್ವಲ್ಪ ಸಿಟ್ಟಿನಿಂದಲೇ ಅಂದಳು. ಹಲಗೆಯನ್ನು ದಿಂಬಿನಡಿಗೆ ತಳ್ಳಿದೆ. ಅವಳು ಹೋದ ಮೇಲೆ ಗೋಡೆ ಕಡೆ ತಿರುಗಿ ಅತ್ತೆ. ಬಾಯಿ ಸರಿಯಿಲ್ಲದವಳು ಅತ್ತರೆ ಸದ್ದು ಪ್ರಾಣಿ ಸದ್ದಿನ ಹಾಗೆ ಬರುತ್ತದೆ, ಅದೂ ನಾಚಿಕೆಯೇ.

ಆಗ ಪರದೆಯ ಆ ಕಡೆಯಿಂದ ಕಂಬಳಿ ಅಜ್ಜಿಯ ಊರುಗೋಲು ಒಳಗೆ ತೂರಿ ಬಂತು. ಗೋಲಿನ ತುದಿಯಿಂದ ಪರದೆಯನ್ನು ಬಲೆ ಎಳೆದ ಹಾಗೆ ಸರ್ರನೆ ಒಂದು ಕಡೆಗೆ ಎಳೆದುಬಿಟ್ಟಳು.

"ನಕ್ಷೆಯಮ್ಮ, ನಂಗೆ ಜೊತೆ ಬೇಕು. ನಿಂಗೆ ಹೊಟ್ಟೆಗೆ ಬೇಕು. ನಾವಿಬ್ರೂ ಯಾಕೆ ಸಾಯ್ಬೇಕು?"

ಸಂಜೆಯ ಗಾಡಿ ಬಂದಾಗ, "ಈಯಮ್ಮಂಗೆ ಕೊಡೋದನ್ನೇ ನಂಗೂ ಕೊಡು, ಇಬ್ಬರದ್ದೂ ಒಂದೇ ತಟ್ಟೇಲಿ ಹಾಕು," ಎಂದಳು. ನನ್ನದು ಅರೆದ ಊಟ. ಕುಂಬಳಕಾಯಿ, ಬೇಳೆ, ಆಲೂಗಡ್ಡೆ ಎಲ್ಲ ನುಣ್ಣಗೆ ಅರೆದು ಮಾಡಿದ ಮುದ್ದೆಗಳು, ಹಳದಿ ಒಂದು, ಬಿಳಿ ಒಂದು. ಹಲ್ಲಿದ್ದವರು ಯಾರೂ ಅದನ್ನು ಬೇಕೆಂದು ಕೇಳುವುದಿಲ್ಲ. ದೊಡ್ಡ ಸಿಸ್ಟರು ಆಗುವುದಿಲ್ಲ ಎಂದರು, ಟೀಚರ್ ಅವರನ್ನು ಬದಿಗೆ ಕರೆದು ಏನೋ ಹೇಳಿದಳು. ಆಮೇಲೆ ಒಂದು ಅಗಲ ತಟ್ಟೆ ಬಂತು, ನಮ್ಮಿಬ್ಬರ ಮಂಚದ ನಡುವಿನ ಮೇಜಿನ ಮೇಲೆ.

ನಿಜ ಹೇಳುತ್ತೇನೆ, ನನಗೆ ಹೇಸಿಗೆಯಾಯಿತು. ಆ ಬಣ್ಣದ ಉಗುರಿನ ಬೆರಳುಗಳು ನನ್ನ ಊಟದೊಳಗೆ ಇಳಿಯುತ್ತಿದ್ದವು. ಕಣ್ಣು ಮುಚ್ಚಿಕೊಂಡೆ. ಆದರೆ ಅವಳು ನನ್ನ ಕಡೆಗೆ ಬೆರಳನ್ನೇ ತರಲಿಲ್ಲ. ತನ್ನೆದುರಿನ ಅಂಚಿನಿಂದ ಮಾತ್ರ ತೆಗೆದುಕೊಂಡಳು. ನಾನು ಒಂದು ತುತ್ತು ತೆಗೆದುಕೊಳ್ಳುವವರೆಗೆ ಕಾದಳು, ನಾನು ನುಂಗಿದ ಮೇಲೆಯೇ ತಾನು ಇನ್ನೊಂದು ತೆಗೆದುಕೊಂಡಳು. ಎಡಗೈಗೆ ರೂಢಿಯಿಲ್ಲ, ಅರ್ಧ ಮಡಿಲಿಗೆ ಬಿತ್ತು. ಎಡಗೈಯಲ್ಲಿ ತಿನ್ನುತ್ತಿದ್ದೇನೆ ಎಂಬ ನಾಚಿಕೆ ಬೇರೆ. ಅದನ್ನು ಹೇಗೋ ಗ್ರಹಿಸಿದಳು ಪುಣ್ಯಾತ್ಗಿತ್ತಿ.

"ನಮ್ಮಲ್ಲಿ ಎಡಗೈ ಬಲಗೈ ಅಂತಿಲ್ಲ. ಕೂಸು ಯಾವ ಕೈಲಿ ಇಲ್ಲವೋ ಆ ಕೈಲಿ ತಿನ್ನೋದು."

ಗಲ್ಲದ ಮೇಲೆ ಇಳಿದು ಬಂತು. ಒರೆಸಿಕೊಳ್ಳಲು ಹೋದರೆ ಅವಳ ಗಲ್ಲದ ಮೇಲೂ ಹಳದಿ ಮೆತ್ತಿತ್ತು. ಬೇಕೆಂದೇ ಮೆತ್ತಿಕೊಂಡಳೋ ಏನೋ, ಇವತ್ತಿಗೂ ಗೊತ್ತಿಲ್ಲ. ಆ ಸಂಜೆ ಹತ್ತೊಂಬತ್ತು ತುತ್ತು ತಿಂದೆನಂತೆ. ಬಾಗಿಲ ಬಳಿ ನಿಂತು ಎಣಿಸಿದ ಟೀಚರ್ ಆಮೇಲೆ ಹೇಳಿದಳು. ಹನ್ನೊಂದು ದಿನ ಅಜ್ಜಿ ನನ್ನ ಜೊತೆ ಅರೆದ ಊಟವನ್ನೇ ಉಂಡಳು, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ನಳಿಗೆಯ ಮಾತು ಅಲ್ಲಿಗೆ ನಿಂತಿತು.

ನಾನು ಹುಟ್ಟಾ ನಕ್ಷೆಯವಳಲ್ಲವೇ, ನಾಲ್ಕು ದಿನ ಕಳೆಯುವುದರೊಳಗೆ ಆ ತಟ್ಟೆ ನನಗೆ ಓದಲು ಬಂತು. ಒಂದೇ ತಟ್ಟೆ ಅಂದರೆ ಎಲ್ಲ ಕಲಸುಮೇಲೋಗರ ಎಂದು ತಿಳಿದಿದ್ದೆ. ಹಾಗಲ್ಲ. ಅಲ್ಲೂ ಗಡಿಗಳಿವೆ, ಗೆರೆ ಎಳೆದಿಲ್ಲ ಅಷ್ಟೇ. ನಿನ್ನ ಎದುರಿನದ್ದು ನಿನ್ನದು. ಮೂರು ವರ್ಷದ ಮಗುವೂ ಪಕ್ಕದವರ ಭಾಗಕ್ಕೆ ಕೈ ಹಾಕುವುದಿಲ್ಲವಂತೆ. ಗಡಿ ದಾಟುವುದು ಒಂದೇ ಕಾರಣಕ್ಕೆ, ತನ್ನ ಪಾಲಿನ ಒಳ್ಳೆಯದನ್ನು ತೆಗೆದು ಎದುರಿನವರ ಪಾಲಿಗೆ ಇಡುವುದಕ್ಕೆ. ಅದಕ್ಕಿಂತ ದೊಡ್ಡ ಮರ್ಯಾದೆ ಅವರಲ್ಲಿ ಇಲ್ಲ.

ಇದನ್ನು ಕೇಳಿ, ಎತ್ತಿದ ತುತ್ತನ್ನು ಮತ್ತೆ ತಟ್ಟೆಗೇ ಇಟ್ಟೆ. ಈ ಸಲ ತಪ್ಪು ಎಡಗೈಯದಲ್ಲ.

ಇನ್ನೊಂದು ಮಾತೂ ಹೇಳಿದಳು. ಅವಳ ಎರಡನೇ ಸೊಸೆ ಜಗಳವಾಡಿಕೊಂಡು ಆರು ತಿಂಗಳು ತವರಿನಲ್ಲಿದ್ದಳಂತೆ. "ಅಷ್ಟೂ ದಿನ ತಟ್ಟೇಲಿ ಅವಳ ಜಾಗ ಬಿಟ್ಟೇ ಕೂತ್ಕೊಂಡ್ವಿ. ಒತ್ತಿಕೊಂಡು ಕೂತರೆ ಜಾಗ ಮುಚ್ಚಿಹೋಗ್ತದೆ. ಬಂದಾಗ ಅವಳು ಎಲ್ಲಿ ಕೂರ್ಬೇಕು?"

ಚುಕ್ಕಿ, ಹೋದ ವರ್ಷ ನೀನು ಒಂದು ಪತ್ರದಲ್ಲಿ ಬರೆದಿದ್ದೆ. "ನಾವು ಮಹಡಿ ಮೇಲೆ ಬೇರೆ ಒಲೆ ಹೂಡಿದ್ದರೂ ಕೆಳಗೆ ಊಟಕ್ಕೆ ಕೂರುವಾಗ ನಮ್ಮಿಬ್ಬರ ಜಾಗ ಖಾಲಿ ಬಿಟ್ಟೇ ಕೂರುತ್ತಾರೆ ಅಮ್ಮ, ಮೆಟ್ಟಿಲು ಇಳಿಯುವಾಗ ನನ್ನ ಕಣ್ಣಿಗೆ ಬೀಳಲಿ, ಚುಚ್ಚಲಿ ಅಂತ." ನಾನು ಅದಕ್ಕೆ, ಹೌದು, ಅಂಥವರೇ ಅವರು, ಎಂದು ಉತ್ತರ ಬರೆದಿದ್ದೆ.

ಇನ್ನು ತಡಮಾಡಿ ಪ್ರಯೋಜನವಿಲ್ಲ. ಇಲ್ಲಿಂದ ಮುಂದಿನದನ್ನು ಬರೆಯಲು ಎರಡು ಹಾಳೆ ಹರಿದಿದ್ದೇನೆ.

ನಿನ್ನ ಮದುವೆಯಾದ ಮೂರನೇ ತಿಂಗಳು ನಿಮ್ಮ ಮನೆಗೆ ಬಂದಿದ್ದೆನಲ್ಲ, ಆ ಮಧ್ಯಾಹ್ನ. ಅಂಗಳದಾಚೆಯ ಕೊಟ್ಟಿಗೆಯಲ್ಲಿ ಅವರ ಕಸುಬಿನ ಸಾಬೂನು ಕುದಿಯುತ್ತಿತ್ತು, ಮನೆಯೆಲ್ಲ ಸಾಬೂನಿನ ಪರಿಮಳ. ಕೆಂಪು ಚಾಪೆಯ ಮೇಲೆ ಗಾಡಿಚಕ್ರದಷ್ಟು ಅಗಲದ ತಟ್ಟೆ, ಸುತ್ತ ಒಂಬತ್ತು ಜನ. ನಿನ್ನ ಅತ್ತೆ ನನ್ನನ್ನು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ನೀನು ನೀರು ತರಲು ಒಳಗೆ ಹೋಗಿದ್ದೆ, ನಿನ್ನ ಗಂಡ ಇನ್ನೂ ಕೆಲಸದಿಂದ ಬಂದಿರಲಿಲ್ಲ. ಅಷ್ಟರಲ್ಲಿ ಅವರು ತಮ್ಮೆದುರಿನ ಭಾಗದಿಂದ ಒಳ್ಳೆಯ ಒಂದು ತುಂಡು ಮುರಿದು, ಬೆರಳಲ್ಲಿ ಸರಿಮಾಡಿ ನನ್ನ ಕಡೆಗೆ ಇಟ್ಟರು. ನಾನು ಎದ್ದು ನಿಂತೆ. ನಿಂತು, "ನಮ್ಮ ಮನೇಲಿ ಬೆಕ್ಕಿಗೂ ಬೇರೆ ತಟ್ಟೆ ಇದೆ," ಎಂದೆ.

ನಮ್ಮ ಮನೆಯಲ್ಲಿ ಬೆಕ್ಕು ಯಾವತ್ತೂ ಇರಲಿಲ್ಲ, ನಿನಗೆ ಗೊತ್ತು. ಇಲ್ಲದ ಬೆಕ್ಕನ್ನು ತಂದು ಆ ಮನೆಯ ಒಂಬತ್ತು ಜನರಿಗಿಂತ ಮೇಲೆ ಕೂರಿಸಿದೆ. ಮಕ್ಕಳು ತಮಾಷೆ ಎಂದು ನಕ್ಕವು. ದೊಡ್ಡವರು ತಟ್ಟೆ ನೋಡುತ್ತ ಕುಳಿತರು. ನಿನ್ನ ಅತ್ತೆ ಎದ್ದು ಬಂದು, ನನ್ನ ಕೈಗೆ ತಾವೇ ನೀರು ಹಾಕಿ, ಟವೆಲ್ ಕೊಟ್ಟರು. ನೀನು ಬಂದಾಗ ಕಂಡದ್ದು ಅಷ್ಟೇ. ಏನಾಯಿತಮ್ಮ ಎಂದು ಕೇಳಿದೆ, ಹೊಟ್ಟೆ ಸರಿಯಿಲ್ಲ ಎಂದೆ.

ಅಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಬಸ್ ನಿಲ್ದಾಣದ ತನಕ ನನ್ನ ಜೊತೆ ನಡೆದು ಬಂದೆಯಲ್ಲ, ಆಗ ನಿನ್ನ ಕೈ ಹಿಡಿದು ಹೇಳಿದೆ, "ನಿನ್ನ ಅತ್ತೆ ನನಗೆ ಆಡಬಾರದ ಮಾತು ಆಡಿದರು. ಏನು ಅಂತ ಕೇಳಬೇಡ. ಆ ಮನೆಯಲ್ಲಿ ಇನ್ನು ನಾನು ಕಾಲಿಡುವುದಿಲ್ಲ." ನೀನು ಅತ್ತುಬಿಟ್ಟೆ. ನಿನ್ನ ಅಳು ನೋಡಿ ನನಗೆ ಒಳಗೊಳಗೇ ಸಮಾಧಾನವಾಯಿತು, ಮಗಳು ಇನ್ನೂ ನನ್ನ ಕಡೆಗಿದ್ದಾಳೆ ಎಂದು. ಆಮೇಲೆ ನೀನು ಬೇರೆ ತಟ್ಟೆ ತೆಗೆದುಕೊಂಡು ಕೋಣೆಯಲ್ಲಿ ಉಣ್ಣತೊಡಗಿದೆ, ಮತ್ತೆ ಮಹಡಿಗೆ ಹೋದೆ, ಬೇರೆ ಒಲೆ ಆಯಿತು. ಒಂದೊಂದೂ ಪತ್ರದಲ್ಲಿ ಓದಿ ನನಗೆ ಸಂತೋಷವಾಯಿತು. ಹೌದು, ಸಂತೋಷ. ಬೇರೆ ಪದ ಹುಡುಕಿದೆ, ಸಿಗಲಿಲ್ಲ.

ಅವರು ಆಡಬಾರದ ಮಾತು ಏನೂ ಆಡಲಿಲ್ಲ. ಆಡಿದವಳು ನಾನು. ಒಂದು ವರ್ಷ ಎಂಟು ತಿಂಗಳು ನೀನು ಅವರ ಮೇಲೆ ಮುಖ ಗಂಟಿಕ್ಕಿಕೊಂಡು ಓಡಾಡುತ್ತಿದ್ದರೂ, "ತಪ್ಪು ನಿನ್ನ ಅಮ್ಮನದು" ಎಂದು ಅವರು ನಿನಗೆ ಹೇಳಲಿಲ್ಲ. ಆ ತಟ್ಟೆಯ ಸುತ್ತ ಕೂತಿದ್ದ ಒಬ್ಬರೂ ಹೇಳಲಿಲ್ಲ. ಅವರೇ ಹೇಳಬೇಡಿ ಎಂದಿರಬೇಕು.

ಆಸ್ಪತ್ರೆ ಸೇರಿದ್ದನ್ನು ನಿನಗೆ ಹೇಳದಿರಲು ಎರಡನೇ ಕಾರಣ ಇದೇ. ಹೇಳಿದರೆ ನೀನು ಬರುತ್ತಿದ್ದೆ, ನಿನ್ನ ಹಿಂದೆ ಅವರೂ ಬಂದುಬಿಡುತ್ತಾರೆ ಎಂದು ಹೆದರಿದೆ.

ಈ ಕಥೆಯನ್ನು ಕಂಬಳಿ ಅಜ್ಜಿಗೆ ಹೇಳಿದೆ. ಆಗ ನನ್ನ ಮಾತು ತಕ್ಕಮಟ್ಟಿಗೆ ತಿಳಿಯುವಂತಾಗಿತ್ತು. ಮಧ್ಯಾಹ್ನದ ಊಟ ಮುಗಿಸಿ, ಅರ್ಧ ಗಂಟೆ ನೆಟ್ಟಗೆ ಕೂತಿರಬೇಕೆಂಬ ಟೀಚರಿನ ನಿಯಮ ಪಾಲಿಸುತ್ತ ಇಬ್ಬರೂ ಕೂತಿದ್ದೆವು. ಪೂರ್ತಿ ಕೇಳಿದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಕೇಳಿದ್ದು ಇಷ್ಟೇ, "ಆ ತುಂಡು ಏನಾಯ್ತು?"

ನನಗೆ ಗೊತ್ತಿರಲಿಲ್ಲ. ಅದು ಅಲ್ಲೇ ತಟ್ಟೆಯಲ್ಲಿ ಉಳಿದಿರಬೇಕು. ನನ್ನ ಮುಂದೆ ಇಟ್ಟದ್ದನ್ನು ಬೇರೆ ಯಾರೂ ಮುಟ್ಟಿರಲಾರರು, ಅವರ ರೀತಿಯೇ ಹಾಗೆ. ಚುಕ್ಕಿ, ಆಮೇಲೆ ಆ ಬಗ್ಗೆ ಎಷ್ಟು ಸಲ ಯೋಚಿಸಿದ್ದೇನೋ.

ಕಂಬಳಿ ಅಜ್ಜಿ ಹೋದ ಶುಕ್ರವಾರ ಮನೆಗೆ ಹೋದಳು. ಕರೆದೊಯ್ಯಲು ಏಳು ಜನ ಬಂದಿದ್ದರು, ವಾರ್ಡು ಜಾತ್ರೆಯಾಯಿತು. ಹೋಗುವಾಗ ದೊಡ್ಡ ಸಿಸ್ಟರ ಹತ್ತಿರ ಹೋಗಿ, "ಈಯಮ್ಮನ್ನ ಒಬ್ಬಳನ್ನೇ ಉಣ್ಣೋಕೆ ಬಿಡ್ಬೇಡಿ, ಮತ್ತೆ ಪರದೆ ಎಳ್ಕೊಂತಾಳೆ," ಎಂದು ದೂರು ಕೊಟ್ಟು ಹೋದಳು. ಅದರ ಫಲವಾಗಿ ಈಗ ವಾರ್ಡಿನ ನಡುವೆ ಉದ್ದ ಮೇಜು ಹಾಕಿದ್ದಾರೆ. ಗಾಲಿಕುರ್ಚಿಗಳನ್ನು ತಳ್ಳಿಕೊಂಡು ಎಲ್ಲರೂ ಅಲ್ಲಿಗೇ ಬರುತ್ತೇವೆ. ಟಿಕೆಟ್ ಅಕ್ಕ ಸುರ್ರೆನ್ನುತ್ತಾಳೆ, ಚಾವಿ ಅಮ್ಮ ಮೌನವಾಗಿ ಉರಿಯುತ್ತಾಳೆ, ಜೇನಮ್ಮ ಒಂದು ತುತ್ತು ಉಳಿಸುತ್ತಾಳೆ. ನನ್ನ ಗಲ್ಲದಿಂದ ಇನ್ನೂ ಸ್ವಲ್ಪ ಇಳಿಯುತ್ತದೆ. ಯಾರೂ ನೋಡುವುದಿಲ್ಲ, ನೋಡಿದರೂ ಒರೆಸಿಕೋ ಎಂದು ಬಾಯಿಬಿಟ್ಟೇ ಹೇಳುತ್ತಾರೆ. ಅರೆದ ಊಟ ಹೋಗಿ ಮೆತ್ತಗೆ ಬೇಯಿಸಿದ ಊಟ ಬಂದಿದೆ. ನಿನ್ನೆ ಗಡ್ಡೆ ಪಲ್ಯದ ರಸ ಅನ್ನಕ್ಕೆ ಹರಿದು ಬಂತು. ಹರಿದರೆ ಹರಿಯಲಿ ಎಂದು ಕಲಸಿ ತಿಂದೆ. ರುಚಿಯಾಗಿತ್ತು. ಇಷ್ಟು ವರ್ಷ ನಿನಗೆ ಇದನ್ನು ತಪ್ಪಿಸಿದೆನಲ್ಲ ಎಂದು ಬೇಜಾರಾಯಿತು, ಆದರೆ ಬಹಳ ಹೊತ್ತಲ್ಲ. ಹಸಿವಾಗಿತ್ತು.

ಎರಡು ವಾರದಲ್ಲಿ ನನ್ನನ್ನು ಕಳಿಸುತ್ತಾರಂತೆ. ಕಚೇರಿಗೆ ಬಹುಶಃ ಮತ್ತೆ ಹೋಗುವುದಿಲ್ಲ, ಅದಕ್ಕೆ ಅಂಥ ಸಂಕಟವೇನೂ ಆಗುತ್ತಿಲ್ಲ. ನಾನು ಎಲ್ಲಿರಬೇಕು, ಹೇಗಿರಬೇಕು ಎಂಬುದೆಲ್ಲ ಆಮೇಲೆ. ನಿನ್ನಿಂದ ನನಗೆ ಬೇಕಾದದ್ದು ಒಂದೇ. ಇದನ್ನು ಓದಿದ ದಿನ ಊಟದ ಹೊತ್ತಿಗೆ, ನಿನ್ನ ಗಂಡನನ್ನು ಕರೆದುಕೊಂಡು ಕೆಳಗೆ ಇಳಿದುಹೋಗು. ಏನೂ ಹೇಳಬೇಕಿಲ್ಲ, ಕ್ಷಮೆ ಕೇಳುವ ಕೆಲಸ ನಿನ್ನದಲ್ಲ, ನನ್ನದು. ಸುಮ್ಮನೆ ಹೋಗಿ ಕೂತುಕೋ. ಜಾಗ ಇದೆ.

ನನ್ನ ಮೇಲೆ ಸಿಟ್ಟು ಬಂದರೆ ಬರಲಿ, ನ್ಯಾಯವೇ. ಸಿಟ್ಟಿನಲ್ಲೇ ಬಂದು ನೋಡು. ನೋಡಲು ಬರುವ ಹೊತ್ತು ನಾಲ್ಕರಿಂದ ಆರು.

ಎಂದೆಂದಿಗೂ ನಿನ್ನವಳೇ ಆದ,
ಅಮ್ಮ

ತಾ.ಕ. ಅಕ್ಟೋಬರ್ ೧೭, ಶನಿವಾರ. ಲಕೋಟೆ ಅಂಟಿಸದೆ ಮೂರು ದಿನ ಇಟ್ಟುಕೊಂಡಿದ್ದೆ, ಈಗ ಇನ್ನೊಂದು ಸೇರಿಸಬೇಕಾಗಿದೆ. ಈ ಪತ್ರ ಶುರು ಮಾಡುವ ಮೊದಲೇ, ಸೋಮವಾರ, ನೀನು ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ, ಕ್ಷಮೆ ಕೇಳಲೆಂದು ನಿಮ್ಮ ಮನೆಗೆ ಫೋನ್ ಮಾಡಿದ್ದೆ. ನಿನ್ನ ಅತ್ತೆಯೇ ಎತ್ತಿದರು. ನನ್ನ ತೊದಲು ಕೇಳಿ, ಹಲ್ಲಿನ ಕಥೆಯನ್ನು ಅವರು ಒಂದು ನಿಮಿಷವೂ ನಂಬಲಿಲ್ಲ, ಯಾವ ಆಸ್ಪತ್ರೆ ಎಂದು ಬಾಯಿ ಬಿಡಿಸಿಯೇ ಫೋನ್ ಇಟ್ಟರು. ಈ ದಿನ ಎರಡು ಬಸ್ಸು ಬದಲಿಸಿ ಬಂದಿದ್ದರು, ಒಬ್ಬರೇ. ನಾನು ಏನು ತಿನ್ನಬಹುದು ಎಂದು ಬಾಗಿಲಲ್ಲೇ ಟೀಚರನ್ನು ಕೇಳಿ ತಿಳಿದುಕೊಂಡು ಒಳಗೆ ಬಂದರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ. ಬಾಯಲ್ಲಿ ಸರಿಯಾಗಿ ಬರದಿದ್ದಾಗ ಈ ಪತ್ರವನ್ನೇ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿದರು. ಮಡಿಸಿ ನನ್ನ ಮಡಿಲಲ್ಲಿಟ್ಟು, "ಇದನ್ನ ಹರಿದುಬಿಡಿ. ಹುಡುಗಿಗೆ ಇರೋದು ಒಬ್ಬಳೇ ತಾಯಿ. ನನ್ನ ಮೇಲೆ ಸಿಟ್ಟಿದ್ರೆ ಇರ್ಲಿ, ನಂಗೆ ಅಭ್ಯಾಸ ಆಗಿದೆ," ಎಂದರು. ಎಷ್ಟು ಹೇಳಿದರೂ ಕೇಳಲಿಲ್ಲ. ಹರಿಯುತ್ತೇನೆ ಎಂದು ಮಾತು ಕೊಟ್ಟ ಮೇಲೆಯೇ ಅವರು ಏಳಲು ಒಪ್ಪಿದ್ದು. ಈಗಷ್ಟೇ ಬಸ್ಸಿಗೆ ಹೊರಟರು. ಅಂಚೆಚೀಟಿ ಅಂಟಿಸುತ್ತಿದ್ದೇನೆ. ನಾನು ಮಾತಿಗೆ ತಪ್ಪಿದೆ ಎಂದು ಅವರಿಗೆ ನೀನೇ ಹೇಳು.